ಕಲ್ಲಿಕೋಟೆಯ ದಾರಿಯಲ್ಲಿ ಸಿಕ್ಕ ದೇಶ: ಬ್ರೆಜಿಲ್

ನಮ್ಮ ಬಳಗದ ಕೆಲವು ಕುಟುಂಬಗಳು ಮಕ್ಕಳ ಬೇಸಿಗೆ ರಜೆಯಲ್ಲಿ ಬ್ರೆಜಿಲ್ ನೋಡಿ ಬರುವ ಯೋಚನೆಯಲ್ಲಿವೆ. ವಿಮಾನ, ಹೋಟೆಲು, ವೀಸಾ, ಚುಚ್ಚುಮದ್ದುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ದೇಶದ ನೆಲ ಹೇಗಿದೆ, ಅದು ದೇಶವಾದದ್ದು ಹೇಗೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಕಾರ್ನಿವಲ್, ಫುಟ್‌ಬಾಲ್, ಬೆಟ್ಟದ ಮೇಲೆ ಕೈಚಾಚಿ ನಿಂತ ಕ್ರಿಸ್ತನ ಪ್ರತಿಮೆ, ಇವು ಮೂರೂ ಎಲ್ಲರಿಗೂ ಗೊತ್ತು. ಅವುಗಳ ಹಿಂದಿರುವ ಐನೂರು ವರ್ಷಗಳ ಕಥೆ ತಿಳಿದಿದ್ದರೆ ಅಲ್ಲಿನ ಬೀದಿಗಳಲ್ಲಿ ಕಾಣುವುದೇ ಬೇರೆ. ಆ ಕಥೆಯ ಮೊದಲ ಪುಟದಲ್ಲಿ ನಮ್ಮ ಕಾರವಾರದ ಕಡಲೂ ಬರುತ್ತದೆಂದು ಬಹಳ ಮಂದಿಗೆ ಗೊತ್ತಿಲ್ಲ.

ಮೊದಲು ಗಾತ್ರದ ಮಾತು. ಬ್ರೆಜಿಲ್ ವಿಸ್ತೀರ್ಣದಲ್ಲಿ ಜಗತ್ತಿನ ಐದನೆಯ ದೇಶ. ಸುಮಾರು 85 ಲಕ್ಷ ಚದರ ಕಿಲೋಮೀಟರ್. ಭಾರತದಂಥ ಎರಡೂವರೆ ದೇಶಗಳು ಅದರೊಳಗೆ ಹಿಡಿಸುತ್ತವೆ. ಅಲಾಸ್ಕ, ಹವಾಯಿಗಳನ್ನು ಬಿಟ್ಟರೆ ನಾವಿರುವ ಅಮೆರಿಕಕ್ಕಿಂತಲೂ ಅದು ದೊಡ್ಡದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 4,300 ಕಿ.ಮೀ.; ಪೂರ್ವದಿಂದ ಪಶ್ಚಿಮಕ್ಕೂ ಹೆಚ್ಚುಕಡಿಮೆ ಅಷ್ಟೇ. ಚಿಲಿ ಮತ್ತು ಎಕ್ವಡಾರ್ ಹೊರತು ದಕ್ಷಿಣ ಅಮೆರಿಕದ ಎಲ್ಲ ದೇಶಗಳೊಂದಿಗೂ ಅದಕ್ಕೆ ಗಡಿಯಿದೆ. 2022ರ ಜನಗಣತಿಯಂತೆ ಜನಸಂಖ್ಯೆ 20 ಕೋಟಿ 30 ಲಕ್ಷ. ಆದ್ದರಿಂದ "ಹತ್ತು ದಿನದಲ್ಲಿ ಬ್ರೆಜಿಲ್" ಎಂಬ ಜಾಹೀರಾತುಗಳನ್ನು ನಂಬಬೇಡಿ. ಹತ್ತು ದಿನದಲ್ಲಿ ಎರಡು ಊರು ನೋಡಬಹುದು, ತೀರ ಅವಸರಪಟ್ಟರೆ ಮೂರು.

ಭೂಗೋಳವನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ರಿಯೋ ಡಿ ಜನೈರೋದಿಂದ ದಕ್ಷಿಣಕ್ಕೆ ಕರಾವಳಿಯ ಉದ್ದಕ್ಕೂ ಕಡಿದಾದ ಗೋಡೆಯಂತೆ ಒಂದು ಬೆಟ್ಟಸಾಲು ನಿಂತಿದೆ. ಸೆರ್ರಾ ದೊ ಮಾರ್, ಅಂದರೆ ಕಡಲ ಬೆಟ್ಟ, ಎಂದು ಅದರ ಹೆಸರು. ಕೆಳಗೆ ಇಕ್ಕಟ್ಟಾದ ಕರಾವಳಿ, ನಡುವೆ ಮಳೆಕಾಡಿನ ಘಟ್ಟ, ಮೇಲೆ ಹತ್ತಿದರೆ ಬಯಲುಸೀಮೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬಂದವರಿಗೆ ಸಾಂತೋಸ್ ಬಂದರಿನಿಂದ ಸಾವೊ ಪಾಲೊ ನಗರಕ್ಕೆ ಹತ್ತುವ ದಾರಿ ಹೊಸದೆನಿಸದು. ನದಿಗಳೂ ನಮ್ಮ ಕಾವೇರಿಯ ಹಾಗೆಯೇ. ತಿಯೆತೆ ಎಂಬ ನದಿ ಕಡಲಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಹುಟ್ಟಿದರೂ ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಹರಿಯುತ್ತದೆ. ಪರಾನಾ ನದಿಯನ್ನು ಸೇರಿ ಕೊನೆಗೆ ಅರ್ಜೆಂಟೀನಾದ ಬಳಿ ಸಮುದ್ರ ಕಾಣುತ್ತದೆ. ಈ ವಿಚಿತ್ರದಿಂದ ಚರಿತ್ರೆಯೇ ಬದಲಾಯಿತು. ಘಟ್ಟದಿಂದಾಗಿ ಪೋರ್ಚುಗೀಸರು ಬಹುಕಾಲ ಕರಾವಳಿಯಲ್ಲೇ ಉಳಿದರು. ಘಟ್ಟ ಹತ್ತಿದ ಕೆಲವರನ್ನು ನದಿಯೇ ಒಳನಾಡಿಗೆ ಕರೆದೊಯ್ದಿತು.

ಇದಲ್ಲದೆ ಉತ್ತರದಲ್ಲಿ ಅಮೆಜಾನ್ ಜಲಾನಯನ, ನಡುವೆ ಸೆರ್ರಾಡೊ ಎಂಬ ಕುರುಚಲು ಮರಗಳ ಹುಲ್ಲುಗಾವಲು, ಪಶ್ಚಿಮದ ಅಂಚಿನಲ್ಲಿ ಪಂತನಾಲ್ ಎಂಬ ಮಹಾ ಜೌಗು, ಈಶಾನ್ಯದಲ್ಲಿ ಸೆರ್ತಾಂವ್ ಎಂಬ ಬರದ ನಾಡು. ಬರದ ನಾಡಿನ ಕಥೆಗೆ ಮತ್ತೆ ಬರುತ್ತೇವೆ.

ಈಗ ಚರಿತ್ರೆ. ಕೊಲಂಬಸನ ಯಾತ್ರೆಯ ನಂತರ ಸ್ಪೇನ್ ಮತ್ತು ಪೋರ್ಚುಗಲ್ 1494ರಲ್ಲಿ ತೊರ್ದೆಸಿಲ್ಯಾಸ್ ಎಂಬ ಊರಿನಲ್ಲಿ ಒಪ್ಪಂದ ಮಾಡಿಕೊಂಡು, ಅಟ್ಲಾಂಟಿಕ್ ಸಾಗರದ ಮೇಲೆ ಒಂದು ಗೆರೆ ಎಳೆದು, ತಾವಿನ್ನೂ ಕಾಣದ ಭೂಮಿಯನ್ನು ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಂತೆ ಹಂಚಿಕೊಂಡವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅವನು ತೋರಿಸಿದ ದಾರಿ ಹಿಡಿದು 1500ರ ಮಾರ್ಚ್ 9ರಂದು ಪೆದ್ರೊ ಆಲ್ವಾರೆಸ್ ಕಬ್ರಾಲ್ ಎಂಬವನು 13 ಹಡಗುಗಳೊಂದಿಗೆ ಲಿಸ್ಬನ್ ಬಿಟ್ಟ. ಹೊರಟದ್ದು ಕಲ್ಲಿಕೋಟೆಗೆ, ಕರಿಮೆಣಸಿಗಾಗಿ. ಆಫ್ರಿಕದ ತುದಿಯನ್ನು ಬಳಸಲು ಅನುಕೂಲವಾದ ಗಾಳಿಯನ್ನು ಹಿಡಿಯಲೆಂದು ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕುವುದು ಆಗಿನ ಕ್ರಮ. ಹಾಗೆ ಸುತ್ತುವಾಗ ಏಪ್ರಿಲ್ 22ರಂದು ಒಂದು ಬೆಟ್ಟ ಕಂಡಿತು. ಅದೇ ಬ್ರೆಜಿಲ್. ಅಲ್ಲಿ ನೆಲ ಇರಬಹುದೆಂದು ಪೋರ್ಚುಗೀಸರಿಗೆ ಮೊದಲೇ ಗುಮಾನಿ ಇತ್ತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಆ ಹಡಗಿನಲ್ಲಿ ಪೆರೊ ವಾಜ್ ದ ಕಮೀನ್ಯ ಎಂಬ ಬರಹಗಾರನಿದ್ದ. ಕಂಡದ್ದನ್ನೆಲ್ಲ ರಾಜನಿಗೆ ಒಂದು ದೀರ್ಘ ಪತ್ರದಲ್ಲಿ ಬರೆದ. ಪತ್ರದ ದಿನಾಂಕ 1500ರ ಮೇ 1. ಅದನ್ನು ಒಂದು ಹಡಗಿನಲ್ಲಿ ಲಿಸ್ಬನ್ನಿಗೆ ಕಳಿಸಿ, ಉಳಿದವರು ಮರುದಿನವೇ ನಮ್ಮ ಕಡೆಗೆ ಹೊರಟರು. ಬಿರುಗಾಳಿಗೆ ಸಿಕ್ಕಿ ನಾಲ್ಕು ಹಡಗುಗಳು ಮುಳುಗಿದವು. ಅಳಿದುಳಿದವರು ಆಗಸ್ಟ್ ತಿಂಗಳಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಇಳಿದು, ಹಡಗು ರಿಪೇರಿ ಮಾಡಿಕೊಂಡು, ನೀರು ಸೌದೆ ತುಂಬಿಕೊಂಡು ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಸೇರಿದರು. ಅಲ್ಲಿ ಅರಬ್ ವರ್ತಕರೊಡನೆ ಜಗಳ ತೆಗೆದು ಡಿಸೆಂಬರಿನಲ್ಲಿ ಹೊಡೆದಾಟವಾಯಿತು. ಪೋರ್ಚುಗೀಸರ ಕೋಠಿಯಲ್ಲಿದ್ದ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಬ್ರಾಲ್ ಸಿಟ್ಟಿನಿಂದ ಊರಿನ ಮೇಲೆ ಫಿರಂಗಿ ಹಾರಿಸಿದ. ಕಮೀನ್ಯ ಸತ್ತದ್ದೂ ಅದೇ ಗಲಭೆಯಲ್ಲಿ ಎಂದು ಚರಿತ್ರಕಾರರ ಅಭಿಪ್ರಾಯ. ಬ್ರೆಜಿಲ್ಲಿನ ಶಾಲೆಗಳಲ್ಲಿ ಮಕ್ಕಳು ದೇಶದ ಜನನಪತ್ರವೆಂದು ಓದುವ ಬರಹದ ಕರ್ತೃ ಮಣ್ಣಾದದ್ದು ಮಲಬಾರಿನಲ್ಲಿ. ಪತ್ರ ಮಾತ್ರ ಮೂರು ಶತಮಾನ ದಫ್ತರಖಾನೆಯಲ್ಲಿ ಮಲಗಿದ್ದು 1817ರಲ್ಲಿ ಮೊದಲ ಬಾರಿ ಅಚ್ಚಾಯಿತು.

ಚಿನ್ನವಿಲ್ಲ, ಮೆಣಸಿಲ್ಲ, ಹೊಸ ನೆಲದಿಂದ ಮೊದಲು ಸಿಕ್ಕ ಲಾಭ ಒಂದು ಮರ. ಬಟ್ಟೆಗೆ ಕೆಂಪು ಬಣ್ಣ ಕೊಡುವ ಆ ಮರ ನಮ್ಮ ಪತಂಗದ ಚಕ್ಕೆಯ ಮರಕ್ಕೆ ದೂರದ ದಾಯಾದಿ. ಏಷ್ಯದಿಂದ ಹೋಗುತ್ತಿದ್ದ ಪತಂಗಕ್ಕೇ ಯೂರೋಪಿನವರು ಮೊದಲು ಬ್ರೆಜಿಲ್ ಎನ್ನುತ್ತಿದ್ದರು. ಹೆಸರು ಆಮೇಲೆ ಹೊಸ ಮರಕ್ಕೆ, ಮರದಿಂದ ದೇಶಕ್ಕೆ ಅಂಟಿತು. ಕರಾವಳಿಯಲ್ಲಿದ್ದ ಟುಪಿ ಭಾಷೆಯ ಜನ ಕೊಡಲಿ, ಚಾಕುಗಳ ಆಸೆಗೆ ಮರ ಕಡಿದುಕೊಟ್ಟರು. ಬಳಿಕ ಬಲಾತ್ಕಾರದ ದುಡಿಮೆ ಬಂತು, ಸಿಡುಬು ಬಂತು. ಒಂದೇ ತಲೆಮಾರಿನಲ್ಲಿ ಊರಿಗೆ ಊರೇ ಬರಿದಾದವು. ಅವರ ಮಾತು ನಮ್ಮ ಅಡಿಗೆಮನೆಯಲ್ಲಿ ಉಳಿದಿದೆ: ಅನಾನಸು ಎಂಬುದು ಟುಪಿ ಮೂಲದ ಶಬ್ದ, ಕೊಂಕಣಿಯವರ ಕಾಜು ಕೂಡ. ಗೋಡಂಬಿಯ ಮರ, ಮರಗೆಣಸು, ಇವೆರಡೂ ಅಲ್ಲಿಂದಲೇ ಬಂದವು. ಪ್ರತಿಯಾಗಿ ಪೋರ್ಚುಗೀಸರು ನಮ್ಮ ಕಡೆಯಿಂದ ಮಾವು, ಹಲಸುಗಳನ್ನು ಅಲ್ಲಿಗೆ ಒಯ್ದರು. ಹಲಸಿಗೆ ಬ್ರೆಜಿಲ್ಲಿನಲ್ಲಿ ಜಾಕ ಎನ್ನುತ್ತಾರೆ, ಮಲಯಾಳದ ಚಕ್ಕ. ಅನಾನಸಿಗೆ ಮಾತ್ರ ಬ್ರೆಜಿಲಿನವರು ಅಬಕಶಿ ಎನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ.

1549ರಲ್ಲಿ ಸಾಲ್ವಡಾರ್ ನಗರ ಸ್ಥಾಪನೆಯಾಯಿತು. 1763ರವರೆಗೆ ಅದೇ ರಾಜಧಾನಿ. ಅಷ್ಟರಲ್ಲಿ ಈಶಾನ್ಯ ಕರಾವಳಿಯ ಕಪ್ಪು ಮಣ್ಣಿನಲ್ಲಿ ಕಬ್ಬು ಬೇರೂರಿತ್ತು. ಪೋರ್ಚುಗೀಸರ ಅಸೂಕರ್ ಎಂಬ ಮಾತಿನ ಬೇರು ಅರಬ್ಬಿಯ ಮೂಲಕ ನಮ್ಮ ಶರ್ಕರದಲ್ಲಿದೆ. ಆದರೆ ನಾವು ಕಂಡ ಆಲೆಮನೆಗೂ ಅಲ್ಲಿನ ಆಲೆಮನೆಗೂ ಹೋಲಿಕೆಯಿಲ್ಲ. ಸುಗ್ಗಿಯ ಕಾಲದಲ್ಲಿ ಹಗಲೂ ರಾತ್ರಿ ಗಾಣ ತಿರುಗಬೇಕು. ನಿದ್ದೆಗೆಟ್ಟು ಕಬ್ಬು ತೂರುವವರ ಕೈ ಗಾಣಕ್ಕೆ ಸಿಕ್ಕಿದರೆ ಕಡಿದುಹಾಕಲು ಪಕ್ಕದಲ್ಲೇ ಮಚ್ಚು ಇಟ್ಟಿರುತ್ತಿದ್ದರೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಆ ಕೈಗಳು ಆಫ್ರಿಕದಿಂದ ತಂದ ಗುಲಾಮರವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದಲ್ಲಿರುವ ನಮಗೆ ಗುಲಾಮಗಿರಿ ಎಂದರೆ ಮಿಸಿಸಿಪ್ಪಿ, ಅಲಬಾಮ, ಹತ್ತಿಯ ಹೊಲಗಳು ನೆನಪಾಗುತ್ತವೆ. ಹಡಗುಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿದ್ವಾಂಸರ ಲೆಕ್ಕದಂತೆ ಆಫ್ರಿಕದಿಂದ ನೇರವಾಗಿ ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದಿಳಿದವರು ಸುಮಾರು 3 ಲಕ್ಷ 90 ಸಾವಿರ. ಬ್ರೆಜಿಲ್ಲಿನಲ್ಲಿ ಜೀವಸಹಿತ ಇಳಿದವರು 48 ಲಕ್ಷಕ್ಕೂ ಹೆಚ್ಚು. ಹನ್ನೆರಡು ಪಟ್ಟು! ಕಬ್ಬಿನ ತೋಟಗಳಲ್ಲಿ ಹುಟ್ಟುವವರಿಗಿಂತ ಸಾಯುವವರು ಹೆಚ್ಚು; ಸತ್ತವರ ಜಾಗಕ್ಕೆ ಹೊಸಬರನ್ನು ಕೊಳ್ಳುವುದೇ ಮಾಲೀಕರಿಗೆ ಅಗ್ಗ. ಆದ್ದರಿಂದ ಹಡಗುಗಳು ಮೂರು ಶತಮಾನ ನಿಲ್ಲಲಿಲ್ಲ. ಓಡಿಹೋದವರು ಕಾಡಿನಲ್ಲಿ ಕಟ್ಟಿಕೊಂಡ ಊರುಗಳಿಗೆ ಕಿಲೊಂಬೊ ಎಂದು ಹೆಸರು. ಅವುಗಳಲ್ಲಿ ದೊಡ್ಡದಾದ ಪಾಲ್ಮಾರಿಸ್ ಹದಿನೇಳನೆಯ ಶತಮಾನದ ಬಹುಭಾಗ ಸೈನ್ಯಗಳನ್ನು ಎದುರಿಸಿ ನಿಂತಿತು. ಅದರ ಕೊನೆಯ ನಾಯಕ ಜುಂಬಿಯನ್ನು ಕೊಂದದ್ದು 1695ರ ನವೆಂಬರ್ 20. 2024ರಿಂದ ಆ ದಿನ ದೇಶಕ್ಕೆಲ್ಲ ಸಾರ್ವಜನಿಕ ರಜೆ.

ಸಾಲ್ವಡಾರಿಗೆ ಹೋದವರೆಲ್ಲ ಪೆಲೊರಿನ್ಯೊ ಎಂಬ ಹಳೆಯ ಪೇಟೆಯಲ್ಲಿ ಬಣ್ಣಬಣ್ಣದ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಪೆಲೊರಿನ್ಯೊ ಎಂದರೆ ಗುಲಾಮರನ್ನು ಕಟ್ಟಿ ಛಡಿ ಬೀಸುತ್ತಿದ್ದ ಕಂಬ. ಅದೇ ಬೀದಿಯಲ್ಲಿ ಬಿಳಿ ಸೀರೆಯಂಥ ಉಡುಪಿನ ಹೆಂಗಸರು ಅಕರಜೆ ಕರಿದು ಮಾರುತ್ತಾರೆ. ಅಲಸಂದೆ ಕಾಳು ನೆನೆಸಿ ರುಬ್ಬಿ ತಾಳೆ ಎಣ್ಣೆಯಲ್ಲಿ ಕರಿದ ವಡೆ. ಪಶ್ಚಿಮ ಆಫ್ರಿಕದಿಂದ ಗುಲಾಮರೊಂದಿಗೆ ಬಂದದ್ದು, ಅವರ ದೇವರ ನೈವೇದ್ಯ. ಒಳಗೆ ಸಿಗಡಿ ತುಂಬುತ್ತಾರಾದ್ದರಿಂದ ಸಸ್ಯಾಹಾರಿಗಳು ವಿಚಾರಿಸಿ ತಿನ್ನಬೇಕು.

1690ರ ದಶಕದಲ್ಲಿ ಒಳನಾಡಿನಲ್ಲಿ ಚಿನ್ನ ಸಿಕ್ಕಿತು. ಕಂಡುಹಿಡಿದವರು ಸಾವೊ ಪಾಲೊದ ಘಟ್ಟದ ಮೇಲಿನ ಒರಟರು. ಮೂಲನಿವಾಸಿಗಳನ್ನು ಹಿಡಿದು ಮಾರಲು ಕಾಡು ಅಲೆಯುತ್ತಿದ್ದ ದಂಡಿನವರು. ತೊರ್ದೆಸಿಲ್ಯಾಸ್ ಗೆರೆಯನ್ನು ತುಳಿದು ಅವರು ಎಲ್ಲೆಲ್ಲಿಗೋ ಹೋದದ್ದರಿಂದಲೇ 1750ರ ಮ್ಯಾಡ್ರಿಡ್ ಒಪ್ಪಂದದಲ್ಲಿ, ಇದ್ದವನದೇ ನೆಲ ಎಂಬ ನ್ಯಾಯದ ಮೇಲೆ, ಅಷ್ಟು ದೊಡ್ಡ ಭೂಭಾಗ ಪೋರ್ಚುಗಲ್ಲಿಗೆ ದಕ್ಕಿತು. ನಕ್ಷೆ ಇಂದಿನ ಆಕಾರಕ್ಕೆ ಬಂದದ್ದು ಹೀಗೆ. ಗಣಿಗಳ ನಾಡಿಗೆ ಮಿನಾಸ್ ಜೆರಾಯ್ಸ್ ಎಂದೂ ಅದರ ಮುಖ್ಯ ಊರಿಗೆ ಇಂದು ಓರು ಪ್ರೆಟೊ ಎಂದೂ ಹೆಸರು, ಅರ್ಥ ಕರಿಚಿನ್ನ. ಸಿಕ್ಕಿದ ಚಿನ್ನದಲ್ಲಿ ಐದನೇ ಒಂದು ಭಾಗ ರಾಜನಿಗೆ. ತೆರಿಗೆಯ ಕಾಟಕ್ಕೆ ದಂಗೆಯೇಳಲು ಸಂಚು ಮಾಡಿದವರಲ್ಲಿ ಸಿಕ್ಕಿಬಿದ್ದು ನೇಣಿಗೇರಿದವನು ಒಬ್ಬನೇ, ತಿರಾದೆಂತಿಸ್, 1792ರ ಏಪ್ರಿಲ್ 21ರಂದು. ಆ ಅಡ್ಡಹೆಸರಿನ ಅರ್ಥ ಹಲ್ಲು ಕೀಳುವವನು. ಜೊತೆಗಿದ್ದ ಸಿರಿವಂತರಿಗೆ ಗಡೀಪಾರಿನಲ್ಲೇ ಮುಗಿಯಿತು.

ಓರು ಪ್ರೆಟೊ ಸುತ್ತಮುತ್ತ ನಾವು ತಪ್ಪದೆ ನೋಡಬೇಕಾದದ್ದು ಬಳಪದ ಕಲ್ಲಿನ ಕೆಲಸ. ಹೌದು, ಬೇಲೂರು ಹಳೇಬೀಡಿನ ಶಿಲ್ಪಿಗಳಿಗೆ ಒದಗಿದ ಅದೇ ಜಾತಿಯ ಮೆದು ಕಲ್ಲು. ಅಲೈಜಾದಿನ್ಯೊ ಎಂಬವನು ಅಲ್ಲಿನ ಮಹಾಶಿಲ್ಪಿ, 1814ರಲ್ಲಿ ತೀರಿಕೊಂಡ. ತಂದೆ ಪೋರ್ಚುಗೀಸ್ ಮೇಸ್ತ್ರಿ, ತಾಯಿ ಆಫ್ರಿಕದ ಗುಲಾಮಳು. ಅಲೈಜಾದಿನ್ಯೊ ಎಂದರೆ ಪುಟ್ಟ ಹೆಳವ. ರೋಗದಿಂದ ಕೈಕಾಲು ಊನವಾದ ಮೇಲೆ ಬಂದ ಹೆಸರು. ಕೈಗೆ ಉಳಿ ಕಟ್ಟಿಸಿಕೊಂಡು ಕೆತ್ತುತ್ತಿದ್ದನೆಂದು ಪ್ರತೀತಿ. ಕಾಂಗೊನ್ಯಾಸ್ ಊರಿನ ಚರ್ಚಿನ ಮೆಟ್ಟಿಲ ಮೇಲೆ 1800ರಿಂದ 1805ರ ನಡುವೆ ಅವನ ಕೈಯಲ್ಲಿ ಮೂಡಿದ ಹನ್ನೆರಡು ಪ್ರವಾದಿಗಳು ನಿಂತಿದ್ದಾರೆ. ಅವನ ಪ್ರವಾದಿಗಳಿಗೆ ನಮ್ಮ ಮದನಿಕೆಯರ ಒನಪಿಲ್ಲ, ಸಿಟ್ಟಿದೆ. ನಮಗೆ ಅದೇ ಹಿಡಿಸುತ್ತದೆ.

1808ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ಪೋರ್ಚುಗಲ್ಲಿನ ಅರಮನೆಯೇ ಹಡಗು ಹತ್ತಿ ರಿಯೋಗೆ ಬಂತು. ವಸಾಹತಿನಲ್ಲಿ ಕೂತು ತಾಯ್ನಾಡನ್ನು ಆಳಿದ ದೊರೆಗಳು ಯೂರೋಪಿನ ಚರಿತ್ರೆಯಲ್ಲಿ ಬೇರೆ ಇಲ್ಲ. ದೊರೆ 1821ರಲ್ಲಿ ಹಿಂದಿರುಗಿದ; ಮಗ ಪೆದ್ರೊ 1822ರ ಸೆಪ್ಟೆಂಬರ್ 7ರಂದು ಸ್ವಾತಂತ್ರ್ಯ ಸಾರಿ ತಾನೇ ಚಕ್ರವರ್ತಿಯಾದ. ಅಕ್ಕಪಕ್ಕದ ಸ್ಪ್ಯಾನಿಷ್ ನಾಡು ಹಲವು ಗಣರಾಜ್ಯಗಳಾಗಿ ಒಡೆದರೆ, ಬ್ರೆಜಿಲ್ ಒಂದೇ ದೇಶವಾಗಿ ಉಳಿಯಲು ಈ ಅರಮನೆಯ ಗುಳೆಯೇ ದೊಡ್ಡ ಕಾರಣವೆನ್ನಬಹುದು. ಇನ್ನೊಂದು ಕಾರಣ ಅಷ್ಟು ಸುಂದರವಲ್ಲ: ಎಲ್ಲ ಪ್ರಾಂತಗಳ ಜಮೀನುದಾರರಿಗೂ ಗುಲಾಮಗಿರಿ ಬೇಕಿತ್ತು, ಒಟ್ಟಾಗಿದ್ದರೆ ಅದನ್ನು ಉಳಿಸಿಕೊಳ್ಳುವುದು ಸುಲಭವಿತ್ತು.

ಬ್ರಿಟಿಷರ ಒತ್ತಾಯಕ್ಕೆ 1831ರಲ್ಲಿ ಗುಲಾಮರ ಆಮದನ್ನು ನಿಷೇಧಿಸುವ ಕಾನೂನು ಬಂತು. ಯಾರೂ ಪಾಲಿಸಲಿಲ್ಲ. "ಇಂಗ್ಲಿಷರಿಗೆ ತೋರಿಸಲಿಕ್ಕೆ" ಎಂಬ ನುಡಿಗಟ್ಟು ಆ ಕಾನೂನಿನಿಂದ ಹುಟ್ಟಿತೆಂದು ಹೇಳುತ್ತಾರೆ. ಬರೀ ತೋರಿಕೆಯ ಕೆಲಸಕ್ಕೆ ಬ್ರೆಜಿಲಿನವರು ಇಂದಿಗೂ ಹಾಗೆನ್ನುತ್ತಾರೆ. 1850ರಲ್ಲಿ ನಿಜವಾದ ನಿಷೇಧ ಬಂತು. ಅದೇ ವರ್ಷ ಇನ್ನೊಂದು ಕಾನೂನೂ ಬಂತು: ಸರ್ಕಾರಿ ಭೂಮಿ ಇನ್ನು ಮುಂದೆ ಹಣ ಕೊಟ್ಟು ಕೊಂಡವರಿಗೆ ಮಾತ್ರ. ಎರಡನ್ನೂ ಜೊತೆಯಿಟ್ಟು ಓದಬೇಕು. ಗುಲಾಮ ನಾಳೆ ಬಿಡುಗಡೆಯಾದರೂ ಉಳಲು ನೆಲ ಸಿಗಬಾರದು, ಕೂಲಿಗೆ ಹಳೆಯ ಯಜಮಾನನ ಬಾಗಿಲಿಗೇ ಬರಬೇಕು.

ಆಗ ರಿಯೋ, ಸಾವೊ ಪಾಲೊ ಬೆಟ್ಟಗಳಲ್ಲಿ ಕಾಫಿಯ ಕಾಲ. ನಮ್ಮ ಚಿಕ್ಕಮಗಳೂರಿನವರು ಮರದ ನೆರಳಿನಲ್ಲಿ ಕಾಫಿ ಬೆಳೆದರೆ, ಅಲ್ಲಿ ಕಾಡನ್ನು ಸುಟ್ಟು ಬೋಳು ಗುಡ್ಡದಲ್ಲಿ ಬೆಳೆದರು. ಮಣ್ಣು ಸೋತ ಮೇಲೆ ಮುಂದಿನ ಗುಡ್ಡ. ರಿಯೋ ನಗರಕ್ಕೆ ನೀರಿನ ತೊರೆಗಳೇ ಬತ್ತತೊಡಗಿದಾಗ ಎರಡನೆಯ ಪೆದ್ರೊ ಚಕ್ರವರ್ತಿ 1861ರಲ್ಲಿ ತಿಜೂಕ ಬೆಟ್ಟಗಳಲ್ಲಿ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿದ. ಉಸ್ತುವಾರಿ ಮೇಜರ್ ಆರ್ಚರ್ ಎಂಬವನದು. ಗುಂಡಿ ತೋಡಿ ಸಸಿ ನೆಡಲು ತೊಡಗಿದವರು ಆರು ಮಂದಿ ಗುಲಾಮರು. ಅವರ ಹೆಸರುಗಳು ಉಳಿದಿವೆ: ಎಲೆಯುತೇರಿಯೊ, ಕಾನ್ಸ್ಟಾಂಟಿನೊ, ಮನುಯೆಲ್, ಮತೇವುಸ್, ಲಿಯೊಪೋಲ್ಡೊ, ಮರಿಯ. ಕ್ರಿಸ್ತನ ಪ್ರತಿಮೆ ನೋಡಲು ಹತ್ತುವ ಬೆಟ್ಟ ಆ ಕಾಡಿನದೇ ಭಾಗ. ಹತ್ತುವಾಗ ಅಕ್ಕಪಕ್ಕ ನೋಡಿ, ಹಲಸಿನ ಮರಗಳು ಕಾಣುತ್ತವೆ. ಅವು ಎಷ್ಟು ಹಬ್ಬಿವೆಯೆಂದರೆ ಸ್ಥಳೀಯ ಗಿಡಮರಗಳಿಗೆ ಕಂಟಕವೆಂದು ಅಲ್ಲಿನ ಅರಣ್ಯದವರು ತಲೆ ಕೆಡಿಸಿಕೊಂಡಿದ್ದಾರೆ.

ಈಗ ಬರದ ನಾಡು. 1877ರಿಂದ 1879ರವರೆಗೆ ಈಶಾನ್ಯದ ಸಿಯಾರ ಪ್ರಾಂತದಲ್ಲಿ ಮಳೆ ಬರಲಿಲ್ಲ. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನಡುಗುತ್ತ ನೆನೆಯುತ್ತಿದ್ದುದು ಇದೇ ಕಾಲದ್ದು. ಮೈಸೂರು ಸಂಸ್ಥಾನದ ಐದನೇ ಒಂದು ಭಾಗ ಜನರನ್ನು ಅದು ನುಂಗಿತೆಂದು ಅಂದಾಜು. ಎರಡು ಬರಗಳೂ ಬೇರೆಬೇರೆಯಲ್ಲ. ಪೆಸಿಫಿಕ್ ಸಾಗರ ವಿಪರೀತ ಕಾವೇರಿದ ಎಲ್ ನಿನೊ ಎಂಬ ಒಂದೇ ವಿದ್ಯಮಾನ ಕೋಲಾರದ ಮಳೆಯನ್ನೂ ಸಿಯಾರದ ಮಳೆಯನ್ನೂ ತಡೆದಿತ್ತು. ಸಿಯಾರದ ರೈತರು ಗುಳೆ ಎದ್ದು ಫೋರ್ತಲೇಜ ಪಟ್ಟಣದ ಹೊರಗೆ ಕಿಕ್ಕಿರಿದರು. ಸಿಡುಬು ಹಬ್ಬಿತು. 1878ರ ಡಿಸೆಂಬರ್ 10ರಂದು, ಒಂದೇ ದಿನ, ಸಾವಿರಕ್ಕೂ ಹೆಚ್ಚು ಹೆಣಗಳನ್ನು ಹೂಳಬೇಕಾಯಿತು.

ಬದುಕಿದವರಲ್ಲಿ ಸಾವಿರಾರು ಜನ ಹಡಗು ಹತ್ತಿ ಅಮೆಜಾನ್ ಕಾಡಿಗೆ ರಬ್ಬರ್ ಹಾಲು ಇಳಿಸಲು ಹೋದರು. ಕತ್ತಿ, ಅಕ್ಕಿ, ಪ್ರಯಾಣದ ಖರ್ಚು ಎಲ್ಲವೂ ಧಣಿಯ ಲೆಕ್ಕದಲ್ಲಿ ಸಾಲ. ನಮ್ಮಲ್ಲಿ ಜೀತ ಎನ್ನುವುದು ಅದಕ್ಕೇ. ಮನಾವುಸ್ ಪಟ್ಟಣದಲ್ಲಿ 1896ರಲ್ಲಿ ತೆರೆದ ಭವ್ಯ ಅಪೆರಾ ಮಂದಿರ ಆ ರಬ್ಬರಿನ ದುಡ್ಡಿನದು. ಅಷ್ಟರಲ್ಲಿ, 1876ರಲ್ಲೇ, ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ್ದ. ಅಲ್ಲಿ ಮೊಳೆತ ಸಸಿಗಳು ಸಿಂಹಳ, ಮಲಯಗಳಿಗೆ ಹೋದವು. ಏಷ್ಯದ ತೋಟಗಳ ರಬ್ಬರ್ 1912ರ ಸುಮಾರಿಗೆ ಅಮೆಜಾನಿನ ವೈಭವಕ್ಕೆ ಮಣ್ಣು ಹಾಕಿತು. ಕೇರಳದಲ್ಲೂ ನಮ್ಮ ಸುಳ್ಯದ ಕಡೆಯೂ ಕಾಣುವ ರಬ್ಬರ್ ಮರಗಳು ಅದೇ ಅಮೆಜಾನ್ ಕುಲದವು.

ಸಿಯಾರದವರ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆವು. ಬರದಲ್ಲಿ ದಿವಾಳಿಯಾದ ಯಜಮಾನರು ತಮ್ಮ ಗುಲಾಮರನ್ನು ದಕ್ಷಿಣದ ಕಾಫಿ ತೋಟಗಳಿಗೆ ಮಾರುತ್ತಿದ್ದರು. ಫೋರ್ತಲೇಜದಲ್ಲಿ ಸರಿಯಾದ ಬಂದರಿರಲಿಲ್ಲ. ದಡದಿಂದ ಹಡಗಿಗೆ ತೆಪ್ಪಗಳಲ್ಲೇ ಸಾಗಿಸಬೇಕು. 1881ರಲ್ಲಿ ತೆಪ್ಪದವರು ಒಂದಾಗಿ, ಇನ್ನು ಮುಂದೆ ಈ ಕಡಲಿನಲ್ಲಿ ಗುಲಾಮರನ್ನು ಸಾಗಿಸುವುದಿಲ್ಲ ಎಂದು ಕೈಕಟ್ಟಿ ಕುಳಿತರು. ಮುಂದಾಳುಗಳಲ್ಲಿ ಒಬ್ಬ ಫ್ರಾನ್ಸಿಸ್ಕೊ ಜೋಸೆ ದೊ ನಸಿಮೆಂತೊ. 1884ರಲ್ಲಿ ಸಿಯಾರ ತಾನೇ ಮುಂದಾಗಿ ಗುಲಾಮಗಿರಿಯನ್ನು ತೆಗೆದುಹಾಕಿತು. ಇಡೀ ದೇಶಕ್ಕೆ ಬಿಡುಗಡೆ ಸಾರಿದ್ದು 1888ರ ಮೇ 13ರಂದು, ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ. ಸಹಿ ಹಾಕಿದ ರಾಜಕುಮಾರಿ ಇಸಬೆಲಳ ಹೆಸರು ಪಠ್ಯಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಬಂತು, ತೆಪ್ಪದವರದು ಬಹುಕಾಲ ಬರಲಿಲ್ಲ. ಮರುವರ್ಷ ಚಕ್ರವರ್ತಿ ಪದಚ್ಯುತನಾಗಿ ಗಣರಾಜ್ಯ ಬಂತು. ಬಿಡುಗಡೆಯಾದವರಿಗೆ ಭೂಮಿ ಕೊಡಲಿಲ್ಲ. ಕೆಲಸಕ್ಕೆ ಇಟಲಿಯಿಂದ, 1908ರಿಂದ ಜಪಾನಿನಿಂದಲೂ ಜನರನ್ನು ಕರೆಸಿದರು. ಸಾವೊ ಪಾಲೊದಲ್ಲಿ ಜಪಾನಿ ಪೇಟೆ ಕಂಡು ಬೆರಗಾಗುವವರು ಇದನ್ನು ನೆನೆಯಬೇಕು.

ಫವೇಲ ಎಂಬ ಮಾತಿಗೂ ಇದೇ ಬರದ ನಾಡಿನ ನಂಟು. 1896-97ರಲ್ಲಿ ಕನೂದೋಸ್ ಎಂಬಲ್ಲಿ ಒಬ್ಬ ಸಂತನ ಸುತ್ತ ಸೇರಿದ್ದ ಬಡವರ ಊರನ್ನು ಗಣರಾಜ್ಯದ ಸೈನ್ಯ ನಾಲ್ಕು ದಂಡಯಾತ್ರೆಗಳಲ್ಲಿ ನಿರ್ನಾಮ ಮಾಡಿತು. ಗೆದ್ದು ಬಂದ ಸೈನಿಕರು ರಿಯೋದಲ್ಲಿ ಮನೆಯಿಲ್ಲದೆ ಬಂದರಿನ ಹಿಂದಿನ ಗುಡ್ಡದಲ್ಲಿ ಗುಡಿಸಲು ಹಾಕಿದರು. ಕನೂದೋಸಿನ ಬಳಿಯ, ಒಂದು ಮುಳ್ಳುಗಿಡದ ಹೆಸರು ಹೊತ್ತ ಬೆಟ್ಟದ ನೆನಪಿಗೆ ಅದನ್ನೂ ಫವೇಲ ಎಂದರು.

ಇಪ್ಪತ್ತನೆಯ ಶತಮಾನವನ್ನು ಬೇಗ ದಾಟಿಬಿಡೋಣ. ಒಳನಾಡಿನ ಬಯಲಿನಲ್ಲಿ ಕಟ್ಟಿದ ಬ್ರಸೀಲಿಯ 1960ರ ಏಪ್ರಿಲ್ 21ರಂದು ರಾಜಧಾನಿಯಾಯಿತು. 1964ರಿಂದ 1985ರವರೆಗೆ ಸೈನ್ಯದ ಆಡಳಿತ. 1988ರಲ್ಲಿ ಈಗಿನ ಸಂವಿಧಾನ. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಡು ಕಡಿಯುವುದನ್ನು ತಡೆಯುತ್ತಿದ್ದ ರಬ್ಬರ್ ಕೂಲಿಗಳ ನಾಯಕ ಚಿಕೊ ಮೆಂಡೆಸ್‌ನನ್ನು ಆಕ್ರಿ ರಾಜ್ಯದಲ್ಲಿ ಗುಂಡಿಟ್ಟು ಕೊಂದರು. ಕಡಿದ ಕಾಡಿನ ಬಹುಪಾಲು ದನಗಳ ಹುಲ್ಲುಗಾವಲಾಗಿದೆ. ಆ ದನಗಳನ್ನು ಕಂಡರೆ ನೀವು ಗುರುತು ಹಿಡಿಯುತ್ತೀರಿ: ಬಿಳಿ ಮೈ, ಎತ್ತರದ ಹಿಣಿಲು, ಜೋಲುವ ಗಂಗೆದೊಗಲು. ಆಂಧ್ರದ ಒಂಗೋಲು ತಳಿಯವು. ನೆಲ್ಲೂರಿನ ಹೆಸರಿನಿಂದ ನೆಲೋರೆ ಎಂದು ಕರೆಸಿಕೊಳ್ಳುತ್ತವೆ. ಬಿಸಿಲು, ಉಣ್ಣೆಗಳನ್ನು ತಡೆದುಕೊಳ್ಳುವ ತಳಿಯೆಂದು ಹತ್ತೊಂಬತ್ತನೆಯ ಶತಮಾನದಿಂದ ಒಯ್ದವುಗಳ ಸಂತತಿ. ದೇಶದ 20 ಕೋಟಿಗೂ ಮಿಕ್ಕ ದನಗಳಲ್ಲಿ ಹೆಚ್ಚಿನವು ಭಾರತದ ರಕ್ತದವೇ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಲೇಖನಗಳನ್ನು ನಾವು ಓದಿದ್ದೇವೆ; ಅವು ಮೇಯುವ ನೆಲ ಯಾವುದೆಂದು ಅವುಗಳಲ್ಲಿ ಬರೆದಿರುವುದಿಲ್ಲ.

ಬ್ರೆಜಿಲ್ಲಿನಲ್ಲಿ ವರ್ಣಭೇದವಿಲ್ಲ, ಎಲ್ಲ ಬಣ್ಣದವರೂ ಬೆರೆತಿದ್ದಾರೆ ಎಂದು ಮಾರ್ಗದರ್ಶಿಗಳು ಹೇಳಬಹುದು. ಬೆರೆತಿರುವುದು ನಿಜ, 2022ರ ಗಣತಿಯಲ್ಲಿ ಮಿಶ್ರವರ್ಣದವರೆಂದು ಬರೆಸಿಕೊಂಡವರು ಶೇಕಡ 45, ಬಿಳಿಯರು 43, ಕರಿಯರು 10. ಆದರೆ ಹೋಟೆಲಿನ ಅಡಿಗೆಮನೆಯಲ್ಲಿ ಯಾರಿದ್ದಾರೆ, ಈಜುಕೊಳದಲ್ಲಿ ಯಾರಿದ್ದಾರೆ ಎಂದು ಒಮ್ಮೆ ನೋಡಿದರೆ ಸಾಕು. ಜಾತಿಯನ್ನು ಕಂಡು ಬೆಳೆದ ನಮಗೆ ವಿವರಣೆ ಬೇಕಾಗದು. ಇಂಗ್ಲಿಷಿನ ಕ್ಯಾಸ್ಟ್ ಎಂಬ ಪದವೇ ಪೋರ್ಚುಗೀಸರದು.

ಸಾಹಿತ್ಯಪ್ರಿಯರು ಹೊರಡುವ ಮುನ್ನ ಮಶಾದೊ ದ ಅಸಿಸ್ (1839-1908) ಬರೆದದ್ದೇನನ್ನಾದರೂ ಓದಿ. ಅವನ ತಂದೆಯ ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. 1881ರ ಬ್ರಾಸ್ ಕೂಬಾಸ್ ಕಾದಂಬರಿಯನ್ನು ಸತ್ತವನೊಬ್ಬ ಗೋರಿಯಿಂದ ಹೇಳುತ್ತಾನೆ; ನಗಿಸುತ್ತ ಚುಚ್ಚುತ್ತದೆ. ಅವನು ಹುಟ್ಟಿದ ಗುಡ್ಡ ರಿಯೋದ ಹಳೆಯ ಬಂದರಿನ ಹತ್ತಿರವೇ ಇದೆ. ಅದರ ಕೆಳಗೆ ವಲೊಂಗೊ ಕಟ್ಟೆ. 1811ರಲ್ಲಿ ಕಟ್ಟಿದ ಈ ಇಳಿದಾಣದ ಸುತ್ತ ಸುಮಾರು 9 ಲಕ್ಷ ಗುಲಾಮರು ನೆಲಕ್ಕಿಳಿದರೆಂದು ಅಂದಾಜು. 1843ರಲ್ಲಿ ಹೊಸ ಮಹಾರಾಣಿಯ ಸ್ವಾಗತಕ್ಕೆಂದು ಅದರ ಮೇಲೆ ಚೆಂದದ ಕಟ್ಟೆ ಕಟ್ಟಿ ಮುಚ್ಚಿದರು. ಮುಂದೆ ಅದನ್ನೂ ಹೂತು ಚೌಕ ಮಾಡಿದರು. 2011ರಲ್ಲಿ ಒಲಿಂಪಿಕ್ಸ್ ತಯಾರಿಗೆ ಅಗೆಯುವಾಗ ಕಲ್ಲುಗಳು ಮತ್ತೆ ಕಂಡವು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಟಿಕೇಟಿಲ್ಲ, ಸರತಿಯಿಲ್ಲ. ಬೀದಿಯ ಬದಿಯಲ್ಲಿ ನಿಂತು ನೋಡಬಹುದು.

ಕಾಲದ ವಿಷಯ ಒಂದು ಮಾತು. ಜೂನ್, ಜುಲೈ ಅಲ್ಲಿ ಚಳಿಗಾಲ. ರಿಯೋದಲ್ಲಿ ಹಿತವಾಗಿರುತ್ತದೆ, ದಕ್ಷಿಣಕ್ಕೆ ಹೋದರೆ ಸ್ವೆಟರ್ ಬೇಕು, ಸಾಲ್ವಡಾರ್ ಕಡೆ ಕೊಡೆ ಬೇಕು. ಮನಾವುಸಿಗೆ ವಿಮಾನದಲ್ಲೇ ಹೋಗಿ, ರಸ್ತೆಯನ್ನು ನಂಬಬೇಡಿ. ನಟಾಲ್ ಊರಿನ ಹತ್ತಿರ ಪಿರಾಂಜಿ ಎಂಬಲ್ಲಿ ಒಂದೇ ಒಂದು ಗೇರು ಮರ ಎರಡು ಎಕರೆ ಹಬ್ಬಿಕೊಂಡಿದೆ. ಮಕ್ಕಳಿಗೆ ಅದನ್ನು ತೋರಿಸಿ. ಜೂನ್ 24ರ ಹೊತ್ತಿಗೆ ಬರದ ನಾಡಿನ ಊರೂರಲ್ಲಿ ಸಂತ ಜೋವಾನನ ಹಬ್ಬ. ಮನೆ ಮುಂದೆ ಸೌದೆ ಒಟ್ಟಿ ಬೆಂಕಿ ಹಾಕಿ, ಮೆಕ್ಕೆಜೋಳದ ತಿಂಡಿಗಳನ್ನು ತಿಂದು, ಅಕಾರ್ಡಿಯನ್ ನುಡಿಸಿ ರಾತ್ರಿಯಿಡೀ ಕುಣಿಯುತ್ತಾರೆ. ಆ ವರ್ಷ ಮಳೆ ಸರಿಯಾಗಿ ಬಂದಿದ್ದರೆ ಜೋರು ಇನ್ನೂ ಹೆಚ್ಚು.